ಒಂದೇ ಎಣ್ಣೆ, ಎರಡು ಮನೆಯ ಸೋಪು

ಕಳೆದ ಬೇಸಿಗೆಯಲ್ಲಿ ಪಾಲಹಳ್ಳಿಯ ನಮ್ಮ ಮನೆಯಿಂದ ಹನ್ನೊಂದು ಸೋಪು ಕಾಣೆಯಾದ ಸಂಗತಿಯನ್ನು ವಿಷಾದದಿಂದ ತಿಳಿಸುತ್ತಿದ್ದೇನೆ. ಪೊಲೀಸರಿಗೆ ದೂರು ಕೊಡಲಿಲ್ಲ. ಹೆಂಡತಿ ನಾಗಮಂಗಲದಲ್ಲಿ ಸೋಪು ಮಾಡುವುದನ್ನು ಕಲಿತು ಬಂದಾಗಿನಿಂದ ಇಂಥವು ನಡೆಯುತ್ತಲೇ ಇವೆ.

ಸಾರು

ಶ್ರೀರಂಗಪಟ್ಟಣದ ಲಾಡ್ಜೊಂದರ ಯಜಮಾನರು ನನ್ನ ಹೆಂಡತಿಗೂ, ಶೀಳನೆರೆಗೆ ಕೊಟ್ಟಿರುವ ನನ್ನ ತಂಗಿಗೂ ಒಂದೇ ಅಳತೆಯ ಕೊಬ್ಬರಿ ಎಣ್ಣೆ ಕೊಟ್ಟರು. ಹೆಚ್ಚು ಸೋಪು ತಂದವರಿಗೆ ವರ್ಷದ ಆರ್ಡರು. ಮದುವೆಯಾದ ಮೇಲೆ ನನ್ನ ಹೆಂಡತಿ ತನ್ನದೇ ಎಂದು ಹಿಡಿದ ಮೊದಲ ಕೆಲಸ ಇದು. ಕಳೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ.

ತಂಗಿಯದು ಕುದಿಸುವ ವಿಧಾನ. ಎಣ್ಣೆಗೆ ಕಾಸ್ಟಿಕ್ ಸೋಡಾದ ನೀರು ಸೇರಿಸಿ, ಒಲೆಯ ಮೇಲಿಟ್ಟು, ಹಳೆಯ ಮುದ್ದೆ ಕೋಲಿನಲ್ಲಿ ತಿರುವಿದಳು. ಹೊಲದಿಂದ ಬಂದ ಅವಳ ಗಂಡ ಪಾತ್ರೆಗೆ ಇಣುಕಿ, ಕೈ ತೊಳೆದು ಕೂತು ಕೇಳಿದ: “ಸಾರೇನ್ ಮಾಡಿದ್ದೀಯೆ?”

ಆವಿ

ನನ್ನ ಹೆಂಡತಿಯದು ಒಲೆ ಹಚ್ಚದ ವಿಧಾನ. ಕಲಸಿ ಅಚ್ಚಿಗೆ ಹೊಯ್ದರೆ ಮುಗಿಯಿತು, ಆದರೆ ಒಂದು ತಿಂಗಳು ಒಣಗಬೇಕು. ಆ ತಿಂಗಳಲ್ಲಿ ನೆಂಟರು ಬರುತ್ತಾರೆ ಎಂಬುದನ್ನು ತರಬೇತಿಯಲ್ಲಿ ಹೇಳಿರಲಿಲ್ಲ. ಬಂದ ಪ್ರತಿ ಹೆಂಗಸಿಗೂ ಕುಂಕುಮ, ಎಲೆ ಅಡಿಕೆ, ಜೊತೆಗೊಂದು ಸೋಪು. ಕೇಳಿದರೆ, “ಬರೀ ಕೈಲಿ ಕಳ್ಸಕಾಯ್ತದಾ?” ಕುದಿಸಿದ್ದು ಬೇಗ ಗಟ್ಟಿಯಾಗುವುದರಿಂದ ತಂಗಿಯ ಸೋಪು ನೆಂಟರಿಗೆ ಸುದ್ದಿ ಮುಟ್ಟುವ ಮೊದಲೇ ಲಾಡ್ಜು ಸೇರಿತ್ತು.

“ಏನತ್ಗೆ, ನಿಮ್ಮೆಣ್ಣೆ ಆವಿಯಾಗೋಯ್ತಾ?” ಎಂದಳು ತಂಗಿ.

“ಆವಿಯಾಗ್ನಿಲ್ಲ ಕಣವ್ವ, ನಿಮ್ ಸೋದರತ್ತೆ ಜೊತೆ ಪಾಂಡವಪುರದ ಬಸ್ಸತ್ತೋಯ್ತು.”

ನೆಂಟರಿಲ್ಲದ ಮನೆ

ಹನ್ನೊಂದು ಸೋಪು ನೆಂಟರಿಗೆ ಕೊಟ್ಟು ಸೋತ ಹೆಂಡತಿಯ ಮುಖ ನೋಡಿ ಲಾಡ್ಜಿನ ಯಜಮಾನರು ಆರ್ಡರು ತಡೆಹಿಡಿದು ಇಬ್ಬರಿಗೂ ಇನ್ನೊಮ್ಮೆ ಎಣ್ಣೆ ಕೊಟ್ಟರು. ಈ ಸಲ ಅವಳು ಸೋಪು ಒಣಗಿಸಲು ನೆಂಟರೇ ಬರದ ಮನೆ ಹುಡುಕಿದಳು. ದೂರ ಹೋಗಬೇಕಾಗಲಿಲ್ಲ. ಪಕ್ಕದ ಮನೆ ನನ್ನ ಚಿಕ್ಕಪ್ಪನದು. ಮನೆಗೆ ಬಂದವರಿಗೆ ಕಾಫಿಯ ಬದಲು ವಾಪಸು ಹೋಗುವ ಬಸ್ಸಿನ ಸಮಯ ಹೇಳುವವರು. ಜಮೀನು ಪಾಲಾದಾಗಿನಿಂದ ನಮಗೂ ಅವರಿಗೂ ಮಾತಿಲ್ಲ.

ಹೆಂಡತಿ ಬೇಲಿಯ ಬಳಿ ನಿಂತು ಅವರ ಎಮ್ಮೆಯನ್ನು ಕೇಳಿದಳು: “ಅಟ್ಟದ್ ಮ್ಯಾಲೆ ಒಂದ್ ತಿಂಗ್ಳು ಸೋಪು ಮಡಗಕ್ಕೆ ಜಾಗ ಐತೇನವ್ವ?”

ಹಾಲು ಕರೆಯುತ್ತಿದ್ದ ಚಿಕ್ಕಪ್ಪ ತಲೆ ಎತ್ತದೆ ಎಮ್ಮೆಗೇ ಹೇಳಿದರು: “ಮಡಿಕ್ಕೊಳ್ಳಕ್ಕೇಳು. ನಮ್ಮನೆಗೆ ಯಾವ್ ನನ್ ಮಗ ಬತ್ತಾನೆ ಅಂತಾನೂ ಏಳು.”

ತಿಂಗಳ ನಂತರ ಸೋಪು ಒಂದೂ ಕಡಿಮೆಯಾಗದೆ ಬಂತು. ತಂಗಿಯದರಲ್ಲಿ ಒಂದಿಷ್ಟು ಪಾತ್ರೆಗೇ ಅಂಟಿಕೊಂಡು ಎರಡು ಕಡಿಮೆ ಬಿತ್ತು. ಆರ್ಡರು ಪಾಲಹಳ್ಳಿಗೆ ಸಿಕ್ಕಿತು. ಚಿಕ್ಕಪ್ಪನ ಜೊತೆ ಮಾತು ಈಗಲೂ ಇಲ್ಲ.