ಬೆಳಿಗ್ಗೆ ಒಂದೇ ಸಲ ಕೇಳುವ ಮಾನ್ಯ ಪುಟಕ್ಕೆ

ಉಪಕಾಲುವೆಯ ನೀರಿನ ಸರದಿ ತೋರಿಸುವ ಮಾನ್ಯ ಜಾಲಪುಟದವರೇ,

ಮೊಬೈಲಿನ ಬ್ರೌಸರಿನಲ್ಲಿ ಸುಖಾಸೀನರಾಗಿರುವ ತಮಗೆ, ಕುಕ್ಕುವಾಡದ ಕಾಲುವೆ ಕೊನೆಯ ಗದ್ದೆಯವಳಾದ ಸರೋಜಾ ಮಾಡುವ ಅನಂತ ನಮಸ್ಕಾರಗಳು. ತಮ್ಮ ನೆಟ್‌ವರ್ಕಿಗೆ ಯಾವ ಕುತ್ತೂ ಬಾರದಿರಲಿ ಎಂದು ಉಕ್ಕಡಗಾತ್ರಿಯ ಅಜ್ಜಯ್ಯನಲ್ಲಿ ಬೇಡಿಕೊಂಡು, ಹೊಟ್ಟೆಯುರಿ ತಡೆಯಲಾರದೆ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ತಾವು ಹುಟ್ಟುವ ಮೊದಲು, ನೀರು ಬಿಟ್ಟ ಲೆಕ್ಕವಿಡುವ ಸರ್ವರ್ ಎಂಬ ಯಂತ್ರದೊಂದಿಗೆ ತಾವು ಹೇಗೆ ಮಾತಾಡಬೇಕೆಂಬುದರ ಮೇಲೆ ನಮ್ಮ ನೀರು ಬಳಕೆದಾರರ ಸಂಘದಲ್ಲಿ ಚಹಾ, ಮಂಡಕ್ಕಿ ಖಾಲಿಯಾಗುವವರೆಗೂ ಚರ್ಚೆ ನಡೆದಿತ್ತು. ತಮ್ಮನ್ನು ರೂಪಿಸಲು ಹರಿಹರದಿಂದ ಬಂದಿದ್ದ ಫಿಜಾ, ಪುಟ ನಿಮಿಷಕ್ಕೊಮ್ಮೆ ಸರ್ವರ್ ಅನ್ನು ಕೇಳುತ್ತಿರಬಹುದು, ಇಲ್ಲವೇ ಇಬ್ಬರ ನಡುವಿನ ಲೈನ್ ತೆರೆದೇ ಇಡಬಹುದು, ಹಾಗಿಟ್ಟರೆ "ನೀರು ಬಿಟ್ಟ ಕೂಡ್ಲೇ ಸರ್ವರೇ ಕರ್ದು ಹೇಳ್ತೈತ್ರಿ" ಎಂದು ಬಿಡಿಸಿ ಹೇಳಿದಳು. ಜೀವಮಾನವೆಲ್ಲ ಕಚೇರಿ ಬಾಗಿಲಲ್ಲಿ ಕೈಕಟ್ಟಿ ನಿಂತೇ ಊರಿನ ಕೆಲಸ ಮಾಡಿಸಿಕೊಂಡು ಬಂದ ನಮ್ಮ ಅಧ್ಯಕ್ಷರಾದ ಕಾಂತರಾಜ್ ಅವರು, ಸರ್ವರ್ ಎಂದರೆ ಒಳಗೆ ಕೂತ ಯಾರೋ ದೊಡ್ಡ ಸಾಹೇಬರೆಂದೇ ತಿಳಿದು ಗಾಬರಿಯಾದರು. "ಅವ್ರನ್ನ ಹಂಗೆ ಪದೇ ಪದೇ ಕೇಳಬಾರ್ದವ್ವ, ಸಿಟ್ಟಾಗ್ತಾರೆ. ಬೆಳಿಗ್ಗೆ ಒಂದ್ಸಲ ಕೇಳಿ ಸುಮ್ನೆ ಕುಂದ್ರಬೇಕು" ಎಂದು ಠರಾವು ಮಾಡಿಸಿಯೇಬಿಟ್ಟರು. ನಮ್ಮ ಯಜಮಾನರಾದ ಉಚ್ಚೆಂಗಪ್ಪನವರಂತೂ ಅದಕ್ಕೆ ಒಪ್ಪಿ ಎರಡೂ ಕೈ ಎತ್ತಿದರು.

ಅಂದಿನಿಂದ ತಾವು ಬೆಳಿಗ್ಗೆ ಸಿಕ್ಕ ಉತ್ತರವನ್ನೇ, ನಾವು ಬೆರಳು ಸವೆಯುವಷ್ಟು ಒತ್ತಿದರೂ, ಕತ್ತಲಾಗುವವರೆಗೆ ಕಾಪಾಡಿಕೊಂಡು ಬರುತ್ತಿದ್ದೀರಿ. ಇಷ್ಟು ಸಂಯಮ ನಮ್ಮ ಮನೆಯ ಮಕ್ಕಳಿಗೂ ಇಲ್ಲ. ತಾವು ಸರದಿ ಬಂತೆಂದು ತೋರಿಸುವ ಮುನ್ನ ತೂಬು ಎತ್ತಿದವರಿಗೆ ಮುಂದಿನ ಸರದಿ ಇಲ್ಲವೆಂಬ ನಿಯಮವನ್ನೂ ಅದೇ ಸಭೆ ಮಾಡಿದೆ.

ನಿನ್ನೆ ನಮ್ಮ ಭತ್ತದ ಸಸಿ ನಾಟಿಗೆ ಹದವಾಗಿ ನಿಂತಿತ್ತು. ಈ ಸರದಿ ತಪ್ಪಿದರೆ ಸಸಿ ಬಲಿತು ಕೆಲಸಕ್ಕೆ ಬಾರದಾಗುತ್ತದೆ, ಈ ಬೆಳೆ ಕೈಬಿಟ್ಟಂತೆಯೇ. ನಾಟಿಯ ಹೆಣ್ಣಾಳುಗಳು ಬದುವಿನ ಮೇಲೆ ಎಲೆಅಡಿಕೆ ಹಾಕಿಕೊಂಡು ಕಾಯುತ್ತಿದ್ದರು, ಯಜಮಾನರು ಕಾಲುವೆಗೆ ಬೆನ್ನು ಹಾಕಿ ಮೊಬೈಲಿನಲ್ಲಿ ತಮ್ಮನ್ನೇ ನೋಡುತ್ತ ಕುಳಿತಿದ್ದರು. ಮಧ್ಯಾಹ್ನ ಪಕ್ಕದ ಗದ್ದೆಯ ಕೆಂಚಕ್ಕ, "ಯಣ್ಣಾ, ಹಿಂದ್ಕ ತಿರುಗಿ ನೋಡ್ರಿ, ನೀರು ಬಂದೈತೆ!" ಎಂದು ಕೂಗಿದಳು. ಇವರು ತಿರುಗದೆಯೇ, "ಬಂದಿಲ್ಲ ಬಿಡವ್ವ, ಇದ್ರಾಗೆ ಇನ್ನೂ ಕಾಯ್ರಿ ಅಂತೈತೆ" ಎಂದರು. ನಾನು ಓಡಿಹೋಗಿ ತೂಬಿಗೆ ಕೈ ಹಾಕಿದರೆ, ಮುಂದಿನ ಸರದಿಯೂ ಹೋಗುತ್ತದೆಂದು ಅಂಗಲಾಚಿ ತಡೆದರು. ತುಂಬಿ ಬಂದ ನೀರು ನಮ್ಮ ಕಣ್ಣೆದುರೇ ಹಳ್ಳ ಸೇರಿತು, ಸಂಜೆಗೆ ಕಾಲುವೆ ನಿಂತಿತು. ಆಳುಗಳೆದುರು ಅಳಬಾರದೆಂದುಕೊಂಡಿದ್ದೆ, ಅತ್ತುಬಿಟ್ಟೆ.

ಆದ್ದರಿಂದ ತಮ್ಮಲ್ಲಿ ಸಣ್ಣ ವಿನಂತಿ. ತಾವು ಕೇಳುವ ಹೊತ್ತಿಗೇ ಹರಿದು ಬರಬೇಕೆಂದು ನೀರಿಗೆ ದಯವಿಟ್ಟು ತಿಳಿಹೇಳಿ. ತಮ್ಮ ಮುಂದಿನ ವಿಚಾರಣೆಯವರೆಗೆ ಬಲಿಯಕೂಡದೆಂದು ಸಸಿಗೂ ಒಂದು ನೋಟಿಸು ಕೊಡಿ. ಅದು ಕಷ್ಟವೆನಿಸಿದರೆ, ಒಂದು ದಿನ ನಮ್ಮ ಮನೆಗೆ ಊಟಕ್ಕೆ ಬನ್ನಿ, ನಮ್ಮ ಕಡೆ ನೆಂಟರನ್ನು "ಇನ್ನೊಂದು ರೊಟ್ಟಿ?" ಎಂದು ಒಂದೇ ಸಲ ಕೇಳಿದರೆ ಅದು ಕೇಳಿದಂತೆಯೇ ಅಲ್ಲ, ಅವರು ಬ್ಯಾಡ ಬ್ಯಾಡ ಎಂದರೂ ಎಲೆಯ ಮುಂದೆ ನಿಂತು ಕೇಳುತ್ತಲೇ ಇರಬೇಕು. ಆ ಉಪಚಾರವನ್ನು ಕಲಿತು ಹೋಗಿ ಸರ್ವರ್ ಸಾಹೇಬರಿಗೂ ಮಾಡಿ. ಅವರು ಸಿಟ್ಟಾದರೆ ನನ್ನ ಹೆಸರು ಹೇಳಿ.

ಬೇರೆ ದಾರಿಯಿಲ್ಲದೆ ಇನ್ನೂ ವಿಶ್ವಾಸವಿಟ್ಟಿರುವ
ತಮ್ಮ ವಿಶ್ವಾಸಿ,
ಸರೋಜಾ ಉಚ್ಚೆಂಗಪ್ಪ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ತಾವು ಇಂದಿನ ವಿಚಾರಣೆ ಮುಗಿಸಿ, "ನಿಮ್ಮ ಸರದಿ ಪೂರ್ಣಗೊಂಡಿದೆ. ನೀರು ಬಳಸಿಕೊಂಡಿದ್ದಕ್ಕೆ ಧನ್ಯವಾದಗಳು" ಎಂದು ತಿಳಿಸಿದ್ದೀರಿ. ಯಜಮಾನರು ಅದನ್ನು ಓದಿ, ಗದ್ದೆ ಎಷ್ಟು ತುಂಬಿದೆ ನೋಡಿ ಬರಲು ಹೋಗಿದ್ದಾರೆ.