ಮೇಷ್ಟ್ರ ಗಿಟಾರಿಗೆ ವೀಣೆ ತಂತಿ

ತಂತಿ ವಾದ್ಯದ ಸಾಮಾನು ಮಾರುವವನ ಹತ್ತಿರ ನೆಟ್ಟಗಿರುವ ಗಿರಾಕಿ ಬರುವುದು ಕಮ್ಮಿ. ಅರವತ್ತರ ದಶಕದಲ್ಲಿ ಹಾಸನದಲ್ಲಿ ಅಂಗಡಿ ಇಟ್ಟಿದ್ದ ನನಗೆ ಇದು ಚೆನ್ನಾಗಿ ಗೊತ್ತು. ಹೊಳೆನರಸೀಪುರದ ಡ್ರಾಯಿಂಗ್ ಮೇಷ್ಟ್ರೊಬ್ಬರ ಸಂಗತಿಯಷ್ಟನ್ನೇ ಹೇಳುತ್ತೇನೆ, ಸಾಕು.

೧. ತಂತಿ

ಮೇಷ್ಟ್ರು ಜಮಖಾನ ಬಿಚ್ಚಿದರು. ಒಳಗೆ ತಂತಿಯಿಲ್ಲದ ಗಿಟಾರು. ಕಾಫಿ ಎಸ್ಟೇಟಿನ ದೊರೆಯೊಬ್ಬ ನಾಲ್ಕು ಪಾಠ ಹೇಳಿಕೊಟ್ಟು, ಊರು ಬಿಡುವಾಗ ಕೊಟ್ಟು ಹೋದದ್ದಂತೆ.

ಚನ್ನರಾಯಪಟ್ಟಣದ ಕೊಬ್ಬರಿ ವ್ಯಾಪಾರಿಯ ಮಗಳು ಹಾಡುವುದನ್ನು ಕೇಳಿ ಇವರು ಮನಸ್ಸು ಕೊಟ್ಟುಬಿಟ್ಟಿದ್ದರು. ಹುಡುಗಿಯ ಅಪ್ಪನದು ಒಂದೇ ಷರತ್ತು: ಗಂಡಿಗೂ ಸಂಗೀತ ಬರಬೇಕು, ನಮ್ಮೆದುರಿಗೇ ನುಡಿಸಿ ತೋರಿಸಬೇಕು.

"ಇದಕ್ಕೆ ನೈಲಾನ್ ತಂತಿಯೇ ಆಗಬೇಕಂತೆ, ಕೊಡಿ."

"ನೈಲಾನು ಪಕ್ಕದ ಬಟ್ಟೆ ಅಂಗಡೀಲಿ ಸಾರ್. ಸೀರೆ ಬಂದಿದೆ."

ಕೊನೆಗೆ ವೀಣೆಯ ಉಕ್ಕಿನ ತಂತಿ ಕಟ್ಟಿ ಬಿಗಿದೆ. ಗಿಟಾರಿನ ಹೊಟ್ಟೆಯೊಳಗೆ ಕಿರ್ರ್ ಅಂದಿತು.

"ಅದೇನ್ರೀ ಸದ್ದು?"

"ಶ್ರುತಿ ಸೇರ್ತಾ ಇದೆ ಸಾರ್," ಅಂದೆ.

೨. ಪಟ್ಟಿ

ಕೊಣನೂರು ಸಂತೆಯಲ್ಲಿ ನಾನು ಭಜನೆ ತಾಳ ಮಾರಲು ಕೂತಿದ್ದೆ. ಮೇಷ್ಟ್ರು ಗಿಟಾರಿನೊಂದಿಗೆ ಅಲ್ಲಿಗೂ ಬಂದರು. ಅದು ತೊಡೆಯಿಂದ ಜಾರುತ್ತದಂತೆ, ಹೆಗಲಿಗೆ ಹಾಕಲು ಪಟ್ಟಿ ಬೇಕಂತೆ. ಎತ್ತಿನ ಕೊರಳಪಟ್ಟಿ ಮಾರುವವನ ಹತ್ತಿರ ಕರೆದುಕೊಂಡು ಹೋದೆ.

"ಜೊತೆ ಕೊಡ್ಲಾ ಸಾ?"

"ಒಂದೇ ಸಾಕು."

"ಒಂದಕ್ಕೆ ಕಟ್ಟುದ್ರೆ ಇನ್ನೊಂದೆತ್ತು ಬೇಜಾರ್ ಮಾಡ್ಕತದೆ ಸಾ."

"ಎತ್ತಿಗಲ್ಲಪ್ಪಾ, ಇದಕ್ಕೆ," ಅಂತ ಮೇಷ್ಟ್ರು ಗಿಟಾರು ಮುಂದೆ ಹಿಡಿದರು. ಅವನು ಪಟ್ಟಿಯನ್ನು ಅದರ ಕತ್ತಿಗೆ ಸುತ್ತಿ ನೋಡಿದ. ಮುಖ ಸಣ್ಣದಾಯಿತು.

"ಕತ್ತು ಬಾಳ ಬಡಕಲಾಗದೆ ಸಾ. ಮೇವು ಸರ್ಯಾಗ್ ಆಕ್ತಿಲ್ವಾ?"

೩. ಮಣೆ

ಹೆಣ್ಣು ನೋಡುವ ದಿನ ಶ್ರುತಿ ಮಾಡಿಕೊಡಲು ನಾನೂ ಹೋದೆ. ಪಡಸಾಲೆಯಲ್ಲಿ ಕೂತೆವು. ಹುಡುಗಿ ಚೆನ್ನಾಗಿಯೇ ಹಾಡಿದಳು. ಮೇಷ್ಟ್ರ ಸರದಿ ಬಂತು.

"ಪಟ್ಟಿಯಿಲ್ಲದೆ ಇದು ತೊಡೆಯಿಂದ ಜಾರುತ್ತೆ, ನುಡಿಸೋಕೆ ಎಡಗಾಲು ಎತ್ತರದಲ್ಲಿರಬೇಕು. ಕಾಲಿಡೋಕೆ ಒಂದು ಮಣೆ ಕೊಡ್ತೀರಾ?"

ಮೇಷ್ಟ್ರ ಪಕ್ಕದಲ್ಲೇ, ನಡುಮನೆ ಹೊಸ್ತಿಲ ಈಚೆ, ಅಜ್ಜಿಯೊಬ್ಬರು ಅಕ್ಕಿಯಲ್ಲಿ ಕಲ್ಲು ಆರಿಸಿ ಸೇರಿಗೆ ತುಂಬುತ್ತಿದ್ದರು. ಹುಡುಗಿಯ ಅಪ್ಪನ ತಾಯಿ.

"ಉಣ್ಣೋ ಮಣೆ ಮ್ಯಾಲೆ ಕಾಲಿಕ್ತಾನಾ? ಎಲ್ಲಿಂದ ತಂದ್ಯಲಾ ಈ ಗಂಡ್ನ?" ಅಂದರು ಮಗನಿಗೆ.

"ಸುಮ್ಕಿರವ್ವಾ," ಅಂದ ಮಗ. ಅವನ ಮುಖವೂ ಕಪ್ಪಿಟ್ಟಿತ್ತು.

ಅಷ್ಟರಲ್ಲಿ ಹುಡುಗಿಯೇ ಒಳಗಿಂದ ಒಂದು ಸೌದೆ ಕೊರಡು ತಂದು ಮೇಷ್ಟ್ರ ಕಾಲ ಹತ್ತಿರ ಇಟ್ಟು ಹೋದಳು. ಅವಳಿಗೆ ಒಪ್ಪಿಗೆ ಅಂತ ನನಗೆ ಆಗಲೇ ಗೊತ್ತಾಯಿತು.

ಮೇಷ್ಟ್ರು ನುಡಿಸಿದರು. ಪರವಾಗಿಲ್ಲ, ಚೆನ್ನಾಗಿಯೇ ಇತ್ತು. ಇನ್ನೇನು ಮುಗಿಯಬೇಕು, ಉಕ್ಕಿನ ತಂತಿಯ ಎಳೆತ ತಾಳದೆ, ಅದನ್ನು ಕಟ್ಟಿದ್ದ ಮರದ ತುಂಡು ಫಟ್ ಅಂತ ಗಿಟಾರಿನಿಂದ ಕಿತ್ತುಕೊಂಡು ಹಾರಿತು. ಮೇಷ್ಟ್ರು ಬೆಚ್ಚಿ ಎದ್ದರು. ಎಡಗಾಲು ಕೊರಡಿನಿಂದ ಜಾರಿತು, ಬಲಗಾಲು ಹೋಗಿ ಅಜ್ಜಿಯ ಸೇರಿಗೆ ಬಡಿಯಿತು. ಅಕ್ಕಿಯೆಲ್ಲ ಹೊಸ್ತಿಲು ದಾಟಿ ನಡುಮನೆ ತುಂಬ ಚೆಲ್ಲಿತು.

ನಾನು ಚಪ್ಪಲಿ ಎಲ್ಲಿ ಬಿಟ್ಟಿದ್ದೆ ಅಂತ ನೋಡಿಕೊಂಡೆ. ಮೇಷ್ಟ್ರ ಕಣ್ಣಲ್ಲಿ ನೀರು. "ತಪ್ಪಾಯ್ತು ಅಜ್ಜಿ," ಅಂದರು.

ಅಜ್ಜಿ ಅಕ್ಕಿ ನೋಡಿದರು, ಮೇಷ್ಟ್ರ ಕಾಲು ನೋಡಿದರು.

"ಬಲಗಾಲಲ್ಲೇ ಒದ್ದವ್ನೆ ಕಣ್ಲಾ! ಅಕ್ಕಿನೂವೆ ಒಳಕ್ಕೇ ಬಿದ್ದದೆ. ಸೊಸೇರು ಸೇರೊದ್ದು ಮನೆ ತುಂಬೋದ ಕಂಡಿದ್ದೆ, ಗಂಡು ಒದ್ದಿದ್ದ ಇವತ್ತೇ ಕಂಡಿದ್ದು. ಇನ್ನೇನ್ ನೋಡ್ತಾ ನಿಂತಿದ್ದೀರಿ? ಆರತಿ ತಕಬಂದು ಒಳಕ್ಕೆ ಕರ್ಕಳಿ!"

ಮೇಷ್ಟ್ರು ಚನ್ನರಾಯಪಟ್ಟಣಕ್ಕೇ ವರ್ಗ ಮಾಡಿಸಿಕೊಂಡು, ಆ ಮನೆಯ ಮನೆಯಳಿಯನಾಗಿ ಉಳಿದರು.