ಕೂದಲೆಳೆಯ ಕೊಳವೆ

ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಕೊಳವೆಯೊಂದು ಆ ದಿನ ಮೆಕ್ಯಾನಿಕ್ಕನ ಕೆಲಸಕ್ಕೇ ಕುತ್ತು ತಂದಿತ್ತು.

ಪ್ರಯೋಗಾಲಯದಲ್ಲಿ ಇಬ್ಬರು ವಿಜ್ಞಾನಿಗಳ ಎರಡು ಯಂತ್ರಗಳಿದ್ದವು; ಮೆಕ್ಯಾನಿಕ್ ಇದ್ದದ್ದು ಸರ್ ಕೈಕೆಳಗೆ. ಸರ್ ಅವರ ಯಂತ್ರ ಔಷಧದ ದ್ರಾವಣವನ್ನು ಕರೆಂಟಿನ ಬಲದಿಂದ ಆ ಕೊಳವೆಯೊಳಗೆ ಓಡಿಸುತ್ತಿತ್ತು. ಒಳಗಿನ ಪದಾರ್ಥಗಳು ತಂತಮ್ಮ ವೇಗದಲ್ಲಿ ಓಡಿ ಬೇರೆಬೇರೆಯಾಗುತ್ತಿದ್ದವು. ಮೇಡಂ ಅವರ ಯಂತ್ರವೋ, ಸೂಜಿಮೊನೆಯಿಂದ ತುಂತುರಾಗಿ ಬಂದದ್ದನ್ನು ಕಣಕಣವಾಗಿ ತೂಗಿ ಹೇಳುತ್ತಿತ್ತು. ಮಧ್ಯಾಹ್ನ ಮೂರರೊಳಗೆ ಎರಡನ್ನೂ ಆ ಕೊಳವೆಯಿಂದ ಜೋಡಿಸಬೇಕು. ಆಗದಿದ್ದರೆ ಸರ್ ಯಂತ್ರ ಗುಜರಿಗೆ, ಮೆಕ್ಯಾನಿಕ್ ನೆಲಮಾಳಿಗೆಯ ಸ್ಟೋರಿಗೆ. ಇದು ಪ್ರಯೋಗಾಲಯದ ದೊಡ್ಡ ಸಾಹೇಬರ ಅಪ್ಪಣೆ. ಹತ್ತೊಂಬತ್ತು ವರ್ಷ ಬೆರಳ ತುದಿಯ ನಾಜೂಕಿನಲ್ಲೇ ಬದುಕಿದವನಿಗೆ ಡಬ್ಬ ಹೊರುವುದೆಂದರೆ ಅರ್ಧ ಜೀವ ಹೋದಂತೆ.

ಮೊದಲ ಕೊಳವೆಯನ್ನು ಸೂಜಿಗೆ ತೂರಿಸುವಷ್ಟರಲ್ಲಿ ಸ್ಟೋರ್‌ಕೀಪರ್ ಬಂದು ಕತ್ತು ಚಾಚಿದ.

"ಎಲ್ಲಯ್ಯಾ ಅದು? ನಂಗೇನೂ ಕಾಣ್ತಿಲ್ವಲ್ಲ!" ಎನ್ನುತ್ತಾ ಬೆರಳಿಟ್ಟ. ಟಕ್ ಎಂದಿತು.

"ಈಗ ನೋಡು, ಎರಡಾಗಿದೆ. ಒಂದಾದ್ರೂ ಕಾಣ್ಬಹುದು," ಎಂದ ಮೆಕ್ಯಾನಿಕ್.

ಎರಡನೆಯದರೊಳಗೆ ಗಾಳಿಗುಳ್ಳೆ ಸಿಕ್ಕಿ, ಬಾಗಿಲಿಗೆ ಅಡ್ಡ ಮಲಗಿದ ಎಮ್ಮೆಯ ಹಾಗೆ ಕದಲಲೇ ಇಲ್ಲ. ಮೂರನೆಯದು ಸರಿಯಾಗಿ ಕೂತಿತು. ಆದರೆ ಕಂಪ್ಯೂಟರ್ ಪರದೆಯ ಮೇಲೆ ಬೇರೆಬೇರೆ ಗೆರೆಗಳಾಗಿ ಏಳಬೇಕಾದದ್ದೆಲ್ಲ ಕಲಸಿಹೋಗಿ ಒಂದೇ ದಿಬ್ಬ.

"ಸರ್, ನಮ್ಮ ದ್ರಾವಣದ ಸೀಸೆ ಮೇಡಂ ಅವರ ಸೂಜಿಗಿಂತ ನಾಲ್ಕು ಬೆರಳು ಮೇಲಿದೆ. ದ್ರಾವಣ ತಾನಾಗೇ ಜಾರ್ಕೊಂಡು ಹೋಗ್ತಿದೆ. ನಮ್ಮ ಯಂತ್ರ ಸ್ವಲ್ಪ ಇಳಿಸೋಣ್ವಾ?" ಎಂದ ಮೆಕ್ಯಾನಿಕ್.

"ನಾನ್ಯಾಕ್ರೀ ಇಳೀಬೇಕು? ಅವರು ಏರಲಿ!" ಎಂದರು ಸರ್.

"ನನ್ನ ಯಂತ್ರ ಅಲುಗಿಸೋಕೆ ಆನೆ ಬೇಕು," ಎಂದರು ಮೇಡಂ, ತಲೆಯೆತ್ತದೆ. "ಹಗುರವಾಗಿರೋರು ಇಳೀಲಿ."

ಗಂಟೆ ಎರಡಾಯಿತು. ಸರ್ ಕಾಫಿಗೆ ಹೋದದ್ದೇ ತಡ, ಮೆಕ್ಯಾನಿಕ್ ಯಂತ್ರವನ್ನು ಪಕ್ಕದ ಮೇಜಿಗೆ ಸರಿಸಿ, ಸ್ಟೋರ್‌ಕೀಪರನ ಕೈಲಿ ಸರ್ ಮೇಜನ್ನು ಹಿಡಿಸಿ, ಅದರ ನಾಲ್ಕು ಕಾಲನ್ನೂ ನಾಲ್ಕು ನಾಲ್ಕು ಬೆರಳಷ್ಟು ಗರಗಸದಿಂದ ಕೊಯ್ದುಬಿಟ್ಟ. ಯಂತ್ರವನ್ನು ಮತ್ತೆ ಅದರ ಮೇಲಿಟ್ಟು ಕೊಳವೆ ಕೂರಿಸಿದ.

ಸರ್ ಬಂದು ಕೂತರು. ಮೊಣಕಾಲು ಮೇಜಿಗೆ ಬಡಿಯಿತು.

"ಏನ್ರೀ ಇದು, ಈ ಕುರ್ಚಿ ಬೆಳೆದಿದ್ಯಾ?"

"ಬೆಳೆದಿರಬೇಕು ಸರ್," ಎಂದ ಮೆಕ್ಯಾನಿಕ್, ಮರದ ಹೊಟ್ಟನ್ನು ಕಾಲಿಂದ ಸರಿಸುತ್ತಾ.

ಮೂರಕ್ಕೆ ದೊಡ್ಡ ಸಾಹೇಬರು ಬಂದಾಗ ಸೂಜಿಮೊನೆಯಲ್ಲಿ ತುಂತುರು ಸಣ್ಣಗೆ ಹಾರುತ್ತಿತ್ತು. ಪರದೆಯ ಮೇಲೆ ಬಾಚಣಿಗೆ ಹಲ್ಲುಗಳಂತೆ ಗೆರೆಗಳು ಬಿಡಿಬಿಡಿಯಾಗಿ ಎದ್ದವು. ಸರ್, ಮೇಡಂ ಇಬ್ಬರೂ ಒಟ್ಟಿಗೇ, "ನಮ್ಮ ಯಂತ್ರ..." ಎಂದು ಶುರುಮಾಡಿದರು.

ಸಾಹೇಬರು ಮೆಕ್ಯಾನಿಕ್ಕನ ಬೆನ್ನು ತಟ್ಟಿದರು. "ಭೇಷ್! ಇದು ಎಷ್ಟು ದಿನ ಹೀಗೇ ಇರುತ್ತಪ್ಪಾ?"

ಮೆಕ್ಯಾನಿಕ್ಕನ ಎದೆ ಉಬ್ಬಿತು. "ಯಾರೂ ಕೈ ಹಾಕದಿದ್ರೆ ವರ್ಷಗಟ್ಟಲೆ ಏನೂ ಆಗಲ್ಲ ಸಾರ್!"

ಸಾಹೇಬರು ಗಂಭೀರವಾಗಿ ತಲೆದೂಗಿ ಸರ್ ಕಡೆ ತಿರುಗಿದರು.

"ಕೇಳಿದ್ರಲ್ಲ? ಇದಕ್ಕೆ ಕೈ ಹಾಕೋರು ಯಾರೂ ಈ ಕೋಣೇಲಿ ಇರಬಾರದು. ಈ ಮೆಕ್ಯಾನಿಕ್ಕನ್ನ ನಾಳೆಯಿಂದಲೇ ಸ್ಟೋರಿಗೆ ಕಳಿಸಿ."